ತಮ್ಮನಿಗೆ ಎಕ್ಮೋ ಹಾಕಿದಾಗ

ನನ್ನ ತಮ್ಮ ಬದುಕಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐಸಿಯು ಬಾಗಿಲ ಹೊರಗೆ ಕೂತು ಮೊಬೈಲಿನಲ್ಲಿ ಇದನ್ನು ಓದುತ್ತಿರುವವರು ಕೊನೆಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಓದೋದು ಬೇಡ. ಆದರೆ ಅವನು ಉಳಿದ ಅಂತ ಎಲ್ಲರೂ ಉಳೀತಾರೆ ಅಂದುಕೊಳ್ಳಬೇಡಿ. ಅವನ ಪಕ್ಕದ ಬೆಡ್ಡಿನವರು ಉಳಿಯಲಿಲ್ಲ. ಇಬ್ಬರಿಗೂ ಹಾಕಿದ್ದು ಎಕ್ಮೋ, ಅಂದರೆ ರಕ್ತವನ್ನು ದೇಹದಿಂದ ಹೊರಗೆ ತೆಗೆದು ಆಕ್ಸಿಜನ್ ಸೇರಿಸಿ ವಾಪಸ್ ಕಳಿಸುವ ಮೆಷಿನ್. ಒಂದೇ ಥರದ ಮೆಷಿನ್, ಅದೇ ಡಾಕ್ಟರುಗಳು, ಅದೇ ನರ್ಸುಗಳು. ವ್ಯತ್ಯಾಸ ಎಲ್ಲಿತ್ತು ಅನ್ನೋದನ್ನು ನಾನು ನಿಧಾನಕ್ಕೆ, ಕೇಳಿ ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ತಮ್ಮ ಊರಲ್ಲೇ ಇದ್ದು ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ನಾನು ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ. ಮಳೆ ಜೋರಿದ್ದ ತಿಂಗಳು ಅದು. ಕೊಳೆ ಔಷಧಿ ಹೊಡೆಸೋದು, ಬಸಿಗಾಲುವೆಯ ಹೂಳು ತೆಗೆಸೋದು ಅಂತ ದಿನವಿಡೀ ನೀರಲ್ಲೇ ನಿಂತಿರುತ್ತಿದ್ದ. ಕಾಲಲ್ಲಿ ಚಪ್ಪಲಿ ಇಲ್ಲ, ಹಿಮ್ಮಡಿ ಒಡೆದಿತ್ತು. ಜ್ವರ ಬಂತು. ಮೈಕೈ ನೋವು, ಅದರಲ್ಲೂ ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ಕಣ್ಣು ಕೆಂಪಾಗಿತ್ತು. ಮಲೆನಾಡಿನಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆ ನೆನಪಾಗುತ್ತೆ. 1957ರಲ್ಲಿ ಅದು ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಆದರೆ ಅದರ ಕಾಟ ಹೆಚ್ಚಾಗಿ ಚಳಿಗಾಲದ ಕೊನೆಯಿಂದ ಬೇಸಿಗೆವರೆಗೆ. ಮಳೆಗಾಲದಲ್ಲಿ, ತೋಟದ ನೀರಲ್ಲಿ ಕೆಲಸ ಮಾಡೋರಿಗೆ ಬರೋದು ಇಲಿಜ್ವರ. ಇಲಿಯ ಮೂತ್ರ ಸೇರಿದ ನೀರು, ಕಾಲಿನ ಗಾಯ, ಇಷ್ಟು ಸಾಕು.

ಕೆಲವೇ ದಿನಕ್ಕೆ ಕಣ್ಣು ಹಳದಿಯಾಯಿತು. ಉಚ್ಚೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ಕೆಮ್ಮಿದಾಗ ಕಫದಲ್ಲಿ ರಕ್ತ ಬಂತು. ತಮ್ಮನ ಹೆಂಡತಿ ಫೋನ್ ಮಾಡಿ, "ಅತ್ತಿಗೆ, ಹೊರಟಿದೀವಿ, ಇವರಿಗೆ ಉಸಿರಾಡೋಕೇ ಆಗ್ತಿಲ್ಲ" ಅಂದಳು. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಅವನ ತುಟಿ ನೀಲಿಯಾಗಿತ್ತು. ಅವತ್ತೇ ಸಂಜೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್ ಶುರು ಮಾಡಿದರು.

ಇಲಿಜ್ವರ ಕೆಲವರಲ್ಲಿ ಶ್ವಾಸಕೋಶದ ಒಳಗೇ ರಕ್ತ ಸೋರುವ ಹಾಗೆ ಮಾಡುತ್ತೆ ಅಂತ ನನಗೆ ಆಗ ಗೊತ್ತಾಯಿತು. ಗಾಳಿ ಇರಬೇಕಾದ ಜಾಗದಲ್ಲಿ ರಕ್ತ, ನೀರು ತುಂಬಿಕೊಳ್ಳುತ್ತೆ. ನೂರಕ್ಕೆ ನೂರು ಆಕ್ಸಿಜನ್ ಕೊಟ್ಟರೂ ಅದು ರಕ್ತಕ್ಕೆ ಸೇರೋದಿಲ್ಲ. ಅವನನ್ನು ಬೋರಲು ಮಲಗಿಸಿದರು. ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ತೆರೆದುಕೊಳ್ಳಲಿ ಅಂತ ಹಾಗೆ ಮಾಡ್ತಾರೆ. ಒಂದೆರಡು ಗಂಟೆಯಲ್ಲ, ದಿನಕ್ಕೆ 16 ಗಂಟೆ ಅಥವಾ ಜಾಸ್ತಿ. ತುಂಬಾ ಜನಕ್ಕೆ ಇಷ್ಟರಿಂದಲೇ ಉಸಿರು ಹತ್ತುತ್ತೆ. ತಮ್ಮನಿಗೆ ಹತ್ತಲಿಲ್ಲ. ಮರುದಿನ ಮಧ್ಯಾಹ್ನ ಐಸಿಯು ಡಾಕ್ಟರ್ ನಮ್ಮನ್ನೆಲ್ಲ ಕರೆದು ಕೂರಿಸಿದರು.

"ನೋಡಿ ಮೇಡಂ, ನಮ್ಮ ಕೈಲಾಗೋದು ಮಾಡಿದೀವಿ. ಇನ್ನು ಎಕ್ಮೋ ಒಂದು ದಾರಿ ಇದೆ. ಹಾಕೋದಾದ್ರೆ ಇವತ್ತೇ ಹಾಕಬೇಕು. ನಾಳಿದ್ದು ಅಂದ್ರೆ ಅರ್ಥ ಇಲ್ಲ."

ಎಕ್ಮೋ ಅಂದ ತಕ್ಷಣ ಅಪ್ಪಯ್ಯ ತಲೆ ಮೇಲೆ ಕೈ ಹೊತ್ತರು. "ಎಸ್‌ಪಿಬಿಗೆ ಹಾಕಿದ್ರಲ್ಲ ಅದಾ? ಅವರೇ ಉಳೀಲಿಲ್ವಲ್ಲ." ನಮ್ಮ ಯಜಮಾನರು ಜಯಲಲಿತಾ ಹೆಸರು ತೆಗೆದರು. ನಮ್ಮಲ್ಲಿ ಈ ಮೆಷಿನ್ನಿನ ಹೆಸರು ಕೇಳಿರೋದೇ ಅಂಥ ಸುದ್ದಿಗಳಿಂದ, ಅಲ್ವಾ? 2016ರ ಡಿಸೆಂಬರ್, 2020ರ ಸೆಪ್ಟೆಂಬರ್. ಟಿವಿಯಲ್ಲಿ ಎಕ್ಮೋ ಅನ್ನೋ ಮಾತು, ಆಮೇಲೆ ಸಾವಿನ ಸುದ್ದಿ. ಹಾಗಾಗಿ ಅದು ಕೊನೆಗಾಲಕ್ಕೆ ಹಾಕೋ ಮೆಷಿನ್ ಅಂತ ಮನಸ್ಸಲ್ಲಿ ಕೂತುಬಿಟ್ಟಿದೆ.

ಡಾಕ್ಟರ್ ಸಿಟ್ಟಾಗಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು ಚಿತ್ರ ಬರೆದರು. ಜಯಲಲಿತಾ ಅವರಿಗೆ ಹಾಕಿದ್ದು ಹೃದಯ ನಿಂತ ಮೇಲೆ. ಎಸ್‌ಪಿಬಿ ಅವರಿಗೆ 74 ವರ್ಷ, ಕೋವಿಡ್. ನಿಮ್ಮ ತಮ್ಮನಿಗೆ ಇನ್ನೂ ನಲವತ್ತಾಗಿಲ್ಲ, ಹೃದಯ ಚೆನ್ನಾಗಿ ಬಡೀತಿದೆ, ವೆಂಟಿಲೇಟರ್ ಹಾಕಿ ಎರಡು ದಿನವೂ ಆಗಿಲ್ಲ. ಮೂರೂ ಬೇರೆ ಬೇರೆ ಕಥೆ ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಎಕ್ಮೋ ಮೆಷಿನ್ ಒಂದು ದಪ್ಪ ನಳಿಗೆಯಿಂದ ದೇಹದ ರಕ್ತವನ್ನು ಹೊರಗೆ ಎಳೆಯುತ್ತೆ. ಆಕ್ಸಿಜನೇಟರ್ ಅನ್ನೋ ಡಬ್ಬಿಯೊಳಗೆ ಆ ರಕ್ತಕ್ಕೆ ಆಕ್ಸಿಜನ್ ಸೇರಿಸುತ್ತೆ, ಕಾರ್ಬನ್ ಡೈಆಕ್ಸೈಡ್ ತೆಗೆಯುತ್ತೆ. ಆಮೇಲೆ ಇನ್ನೊಂದು ನಳಿಗೆಯಿಂದ ದೇಹಕ್ಕೆ ವಾಪಸ್ ಕಳಿಸುತ್ತೆ. ನಿಮಿಷಕ್ಕೆ ನಾಲ್ಕೈದು ಲೀಟರ್. ಅಂದರೆ ದೇಹದಲ್ಲಿರೋ ರಕ್ತ ಪೂರ್ತಿ ಹೆಚ್ಚುಕಮ್ಮಿ ನಿಮಿಷಕ್ಕೊಂದು ಸಲ ಹೊರಗೆ ಹೋಗಿ ಬಂದ ಹಾಗೆ. ಇದರಲ್ಲಿ ಎರಡು ಬಗೆ. ರಕ್ತವನ್ನು ಅಭಿಧಮನಿಯಿಂದ, ಅಂದರೆ ಹೃದಯಕ್ಕೆ ರಕ್ತ ತರುವ ನಾಳದಿಂದ ತೆಗೆದು ಅಭಿಧಮನಿಗೇ ಕೊಟ್ಟರೆ ಅದು ವಿವಿ. ಶ್ವಾಸಕೋಶದ ಕೆಲಸ ಮಾತ್ರ ಮೆಷಿನ್ ಮಾಡುತ್ತೆ, ಹೃದಯ ತಾನೇ ಬಡಿಯಬೇಕು. ಅಭಿಧಮನಿಯಿಂದ ತೆಗೆದು ಅಪಧಮನಿಗೆ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ ಕೊಟ್ಟರೆ ವಿಎ. ಅದು ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಾಡುತ್ತೆ. ತಮ್ಮನಿಗೆ ಬೇಕಿದ್ದದ್ದು ವಿವಿ.

"ಇದು ಕಾಯಿಲೆ ವಾಸಿ ಮಾಡಲ್ಲ" ಅಂತ ಎರಡು ಸಲ ಹೇಳಿದರು. "ಕಾಯಿಲೆಗೆ ಆಂಟಿಬಯೋಟಿಕ್ ಕೊಡ್ತಿದೀವಿ. ಅದು ಕೆಲಸ ಮಾಡೋತನಕ, ಶ್ವಾಸಕೋಶ ಚೇತರಿಸಿಕೊಳ್ಳೋತನಕ ಜೀವ ಹಿಡಿದಿಡುತ್ತೆ. ಅಷ್ಟೇ." ನಾನು ಕೇಳಿದೆ, ಶ್ವಾಸಕೋಶ ಚೇತರಿಸಿಕೊಳ್ಳುತ್ತೆ ಅಂತ ಹೇಗೆ ಗೊತ್ತು? ಅದಕ್ಕೆ ಅವರು ಕೊಟ್ಟ ಉತ್ತರವೇ ನಮ್ಮನ್ನು ಒಪ್ಪಿಸಿದ್ದು. ಇಲಿಜ್ವರದ ಶ್ವಾಸಕೋಶ ವಾಪಸ್ ಬರುವಂಥದ್ದು. ರಕ್ತ ಸೋರೋದು ನಿಂತರೆ ಅದು ಮತ್ತೆ ಮೊದಲಿನ ಹಾಗಾಗೋ ಸಾಧ್ಯತೆ ಚೆನ್ನಾಗಿದೆ. ಇದೇ ಯಾರೋ ಪ್ಯಾರಾಕ್ವಾಟ್ ಕಳೆನಾಶಕ ಕುಡಿದು ಬಂದಿದ್ದರೆ ಮಾತು ಬೇರೆ. ಆ ವಿಷ ಶ್ವಾಸಕೋಶವನ್ನು ಗಟ್ಟಿ ಮಾಡಿಬಿಡುತ್ತೆ. ಮೆಷಿನ್ ಎಷ್ಟು ದಿನ ಓಡಿಸಿದರೂ ಅದು ಮೆತ್ತಗಾಗಲ್ಲ. ಶ್ವಾಸಕೋಶ ಕಸಿ ಬಿಟ್ಟರೆ ಬೇರೆ ದಾರಿ ಇರಲ್ಲ.

ಆಮೇಲೆ ಅಪಾಯಗಳನ್ನು ಹೇಳಿದರು. ಮುಚ್ಚುಮರೆ ಇಲ್ಲದೆ ಹೇಳಿದರು. ಮೊದಲನೆಯದು ರಕ್ತಸ್ರಾವ. ಪ್ಲಾಸ್ಟಿಕ್ ಮುಟ್ಟಿದ ರಕ್ತ ಹೆಪ್ಪುಗಟ್ಟುತ್ತೆ, ಅದಕ್ಕೆ ಹೆಪಾರಿನ್ ಕೊಡಬೇಕು. ಹೆಪಾರಿನ್ ಕೊಟ್ಟರೆ ಎಲ್ಲಿ ಬೇಕಾದರೂ ರಕ್ತ ಸೋರಬಹುದು, ಮಿದುಳಿನಲ್ಲೂ. ಮಿದುಳಲ್ಲಿ ಸೋರಿದರೆ ಬಹಳ ಸಲ ಅಲ್ಲಿಗೆ ಮುಗೀತು. ಸೋಂಕು, ಕಿಡ್ನಿ ಕೈಕೊಡೋದು, ಮೆಷಿನ್ನಲ್ಲೇ ಹೆಪ್ಪುಗಟ್ಟೋದು, ಎಲ್ಲವನ್ನೂ ಹೇಳಿದರು. ತಮ್ಮನಿಗೆ ಮೊದಲೇ ಶ್ವಾಸಕೋಶದಲ್ಲಿ ರಕ್ತ, ಪ್ಲೇಟ್ಲೆಟ್ ಕಡಿಮೆ. ಅವನಿಗೆ ಹೆಪಾರಿನ್ ಕೊಡೋದು ಹೇಗೆ? ಈಗಿನ ನಳಿಗೆಗಳ ಒಳಗೆ ಹೆಪ್ಪುಗಟ್ಟದ ಲೇಪನ ಇರುತ್ತಂತೆ. ರಕ್ತ ಜೋರಾಗಿ ಹರೀತಿದ್ದರೆ ಸ್ವಲ್ಪ ದಿನ ಹೆಪಾರಿನ್ ಇಲ್ಲದೆಯೂ ಓಡಿಸಬಹುದಂತೆ. "ಆ ರಿಸ್ಕ್ ತಗೋಬೇಕು" ಅಂದರು. ತಮ್ಮನ ಹೆಂಡತಿ ಸಹಿ ಹಾಕಿದಳು. ಕೈ ನಡುಗುತ್ತಿತ್ತು, ಆದರೆ ಹೆಸರು ಪೂರ್ತಿ ಬರೆದಳು.

ಬೆಂಗಳೂರಿನಿಂದ ಎಕ್ಮೋ ತಂಡವೇ ಆಂಬುಲೆನ್ಸಿನಲ್ಲಿ ಮೆಷಿನ್ ಹಾಕಿಕೊಂಡು ಹೊರಟಿತು. ರೋಗಿಯನ್ನು ಆ ಸ್ಥಿತಿಯಲ್ಲಿ ಸುಮ್ನೆ ವೆಂಟಿಲೇಟರ್ ಮೇಲೆ ಸಾಗಿಸಿದರೆ ದಾರಿಯಲ್ಲೇ ಏನಾದರೂ ಆಗಬಹುದು. ಅದಕ್ಕೆ ಇಲ್ಲೇ ನಳಿಗೆ ಹಾಕಿ, ಮೆಷಿನ್ ಓಡಿಸಿಕೊಂಡೇ ಕರೆದೊಯ್ಯುತ್ತಾರೆ. ರಾತ್ರಿ ಬಂದರು. ಒಬ್ಬರು ಹೃದಯ ಶಸ್ತ್ರಚಿಕಿತ್ಸೆಯ ಡಾಕ್ಟರ್, ಒಬ್ಬರು ಐಸಿಯು ಡಾಕ್ಟರ್, ಮೆಷಿನ್ ಓಡಿಸಿ ನೋಡಿಕೊಳ್ಳುವ ಒಬ್ಬ ಪರ್ಫ್ಯೂಷನಿಸ್ಟ್, ಒಬ್ಬ ನರ್ಸ್. ಐಸಿಯುನಲ್ಲೇ, ಅವನ ಬೆಡ್ಡಿನ ಮೇಲೇ ಕೆಲಸ ಶುರು ಮಾಡಿದರು. ತೊಡೆಯ ಸಂದಿಯಿಂದ ಒಂದು ನಳಿಗೆ, ಕುತ್ತಿಗೆಯಲ್ಲಿ ಇನ್ನೊಂದು.

ಮುಗಿದ ಮೇಲೆ ನನ್ನನ್ನು ಒಳಗೆ ಬಿಟ್ಟರು. ತೊಡೆಯಿಂದ ಬರುತ್ತಿದ್ದ ನಳಿಗೆಯಲ್ಲಿ ರಕ್ತ ಮಾಗಿದ ನೇರಳೆ ಹಣ್ಣಿನ ಬಣ್ಣ. ಡಬ್ಬಿ ದಾಟಿ ಕುತ್ತಿಗೆಗೆ ಹೋಗುತ್ತಿದ್ದ ನಳಿಗೆಯಲ್ಲಿ ಅಪ್ಪಟ ಕೆಂಪು. ಪರ್ಫ್ಯೂಷನಿಸ್ಟ್ ಹುಡುಗ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದ. "ಈ ಬಣ್ಣ ಬೇರೆ ಬೇರೆ ಇರೋತನಕ ಡಬ್ಬಿ ಕೆಲಸ ಮಾಡ್ತಿದೆ ಅಂತ ಅರ್ಥ, ಅಕ್ಕಾ" ಅಂದ. ಮೆಷಿನ್ನಿನ ಪಕ್ಕ ಒಂದು ಕೈ ಹಿಡಿಕೆ ಇತ್ತು. ಕರೆಂಟು, ಬ್ಯಾಟರಿ ಎರಡೂ ಕೈಕೊಟ್ಟರೆ ಅದನ್ನು ಕೈಯಲ್ಲಿ ತಿರುಗಿಸಿ ಪಂಪ್ ಓಡಿಸಬೇಕಂತೆ. ದಾರಿಯುದ್ದಕ್ಕೂ ಆ ಹುಡುಗ ಅದರ ಪಕ್ಕವೇ ಕೂತಿದ್ದ.

ಬೆಳಗಿನ ಜಾವ ಹೊರಟೆವು. ನಾವು ಹಿಂದೆ ಕಾರಿನಲ್ಲಿ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಎಷ್ಟೋ ಸಲ ಓಡಾಡಿದ ರಸ್ತೆ. ಆಂಬುಲೆನ್ಸ್ ಜೋರಾಗಿ ಹೋಗಲಿಲ್ಲ. ನಳಿಗೆ ಒಂದಿಂಚು ಜರುಗಿದರೂ ಅಪಾಯ ಅಂತ ಉಬ್ಬುಗಳಲ್ಲೆಲ್ಲ ಪೂರ್ತಿ ನಿಧಾನ ಮಾಡುತ್ತಿತ್ತು. ಬೆಂಗಳೂರಿನ ಒಳಗೆ ಪೊಲೀಸರು ಝೀರೋ ಟ್ರಾಫಿಕ್ ಮಾಡಿಕೊಟ್ಟರು. ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಆಮೇಲೆ ಶುರುವಾಗಿದ್ದು ಕಾಯೋದು. ಮೊದಲ ಕೆಲವು ದಿನ ಅವನ ಎಕ್ಸ್‌ರೇ ಇನ್ನೂ ಕೆಟ್ಟಿತು. ಎದೆ ಪೂರ್ತಿ ಬೆಳ್ಳಗೆ. ನನಗೆ ಎದೆ ಒಡೆದುಹೋಯಿತು. ಆದರೆ ಅದು ಎಕ್ಮೋದಲ್ಲಿ ಸಾಮಾನ್ಯವಂತೆ. ಮೆಷಿನ್ ಇರೋದರಿಂದ ವೆಂಟಿಲೇಟರಿನ ಒತ್ತಡವನ್ನು ತುಂಬಾ ಇಳಿಸಿಬಿಡುತ್ತಾರೆ. ಜೋರಾಗಿ ಗಾಳಿ ತುಂಬಿದಷ್ಟೂ ಗಾಯವಾದ ಶ್ವಾಸಕೋಶ ಇನ್ನಷ್ಟು ಹರಿಯುತ್ತೆ. ಅದಕ್ಕೆ ರೆಸ್ಟ್ ಕೊಡೋದೇ ಎಕ್ಮೋದ ದೊಡ್ಡ ಉಪಕಾರ. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 88 ಅಂತ ಮಾನಿಟರಿನಲ್ಲಿ ಕಂಡರೂ ನರ್ಸುಗಳು ಗಾಬರಿಯಾಗುತ್ತಿರಲಿಲ್ಲ. ಎಕ್ಮೋ ಮೇಲೆ ಅಷ್ಟಿದ್ದರೂ ನಡೆಯುತ್ತೆ ಅಂದರು. ನಾನು ಆ ಮಾನಿಟರ್ ನೋಡೋದನ್ನು ಬಿಟ್ಟು ಬೇರೆ ವಿಷಯ ಕೇಳೋಕೆ ಶುರು ಮಾಡಿದೆ. ಇವತ್ತು ಎಲ್ಲಾದರೂ ರಕ್ತ ಸೋರಿತಾ? ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುತ್ತಾ? ಹೊಸ ಸೋಂಕು ಇದೆಯಾ? ಉಚ್ಚೆ ಎಷ್ಟು?

ಗಂಟೆಗೊಮ್ಮೆ ಪರ್ಫ್ಯೂಷನಿಸ್ಟ್ ಟಾರ್ಚ್ ಹಿಡಿದು ಬರುತ್ತಿದ್ದ. ಆಕ್ಸಿಜನೇಟರಿನ ನಾಲ್ಕೂ ಮೂಲೆಗೆ ಬೆಳಕು ಬಿಟ್ಟು ನೋಡುತ್ತಿದ್ದ. ಹೆಪ್ಪುಗಟ್ಟಿದ ಜಾಗ ಕಪ್ಪು ಚುಕ್ಕೆಯಾಗಿ ಕಾಣುತ್ತೆ. ಅದನ್ನು ಚಾರ್ಟಿನಲ್ಲಿ ಚಿತ್ರ ಬರೆದು ಗುರುತು ಹಾಕುತ್ತಿದ್ದ. ಮುಂದಿನ ಗಂಟೆಗೆ ಅದು ದೊಡ್ಡದಾಯಿತಾ ಅಂತ ಹೋಲಿಸಬೇಕಲ್ಲ. ತಮ್ಮನಿಗೆ ಮೂಗಲ್ಲಿ ರಕ್ತ ಬಂತು, ಹೆಪಾರಿನ್ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಚುಕ್ಕೆ ಜಾಸ್ತಿಯಾದವು. ಒಂದು ರಾತ್ರಿ ಡಬ್ಬಿಯನ್ನೇ ಬದಲಾಯಿಸಬೇಕಾಯಿತು. ಮೆಷಿನ್ ನಿಲ್ಲಿಸಿ, ಕ್ಲ್ಯಾಂಪ್ ಹಾಕಿ, ಹೊಸದು ಜೋಡಿಸಿ ಮತ್ತೆ ಓಡಿಸೋತನಕ ವೆಂಟಿಲೇಟರ್ ಬಿಟ್ಟರೆ ಅವನ ದೇಹಕ್ಕೆ ಬೇರೆ ಆಸರೆ ಇರಲಿಲ್ಲ. ಕಿಡ್ನಿ ಮೊದಲೇ ಸೋತಿತ್ತು, ಡಯಾಲಿಸಿಸ್ ಕೂಡ ನಡೀತಿತ್ತು. ರಕ್ತ, ಪ್ಲೇಟ್ಲೆಟ್ ದಿನಾ ಬೇಕಾಗುತ್ತಿತ್ತು. ನಮ್ಮೂರಿಂದ ಬೆಂಗಳೂರಿಗೆ ಓದೋಕೆ, ಕೆಲಸಕ್ಕೆ ಹೋದ ಹುಡುಗರು ಒಬ್ಬರಾದ ಮೇಲೆ ಒಬ್ಬರು ಬಂದು ರಕ್ತ ಕೊಟ್ಟರು. ಕೆಲವರ ಹೆಸರೂ ನನಗೆ ಗೊತ್ತಿರಲಿಲ್ಲ.

ದುಡ್ಡಿನ ವಿಷಯ ಹೇಳಲೇಬೇಕು. ಲಕ್ಷಗಟ್ಟಲೆ. ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದೆವು, ಒಡವೆ ಇಟ್ಟೆವು, ನೆಂಟರ ಹತ್ತಿರ ಕೈ ಚಾಚಿದೆವು. ಎಲ್ಲರಿಗೂ ಇದು ಸಾಧ್ಯವಿಲ್ಲ. ಸಾಧ್ಯವಾಗದವರು ತಮ್ಮವರನ್ನು ಕೈಬಿಟ್ಟರು ಅಂತ ಯಾರೂ ಹೇಳಬಾರದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾಯುವ ಹಾಲಿನಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಲ್ಲಿನ ಒಬ್ಬ ಕಿರಿಯ ಡಾಕ್ಟರ್ ನನ್ನ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರ ಕೊಡುತ್ತಿದ್ದರು. ಈ ಚಿಕಿತ್ಸೆಯಿಂದ ಮೊದಲು ಬದುಕಿದ ವಯಸ್ಕ ರೋಗಿ ಬೈಕ್ ಅಪಘಾತದಲ್ಲಿ ಗಾಯಗೊಂಡ 24 ವರ್ಷದ ಅಮೆರಿಕದ ಯುವಕ. 1971ರಲ್ಲಿ 75 ಗಂಟೆ ಮೆಷಿನ್ ಮೇಲಿದ್ದ. ಆಮೇಲೆ ದೊಡ್ಡವರಲ್ಲಿ ಇದು ಬಹಳ ಕಾಲ ಹಿಂದೆ ಬಿತ್ತು. 2009ರ ಹಂದಿಜ್ವರದ ಹೊತ್ತಿಗೆ ಮತ್ತೆ ಮುಂದೆ ಬಂತು. ಅದೇ ವರ್ಷ ಬ್ರಿಟನ್ನಿನ ಒಂದು ಅಧ್ಯಯನ ಹೊರಬಂತು. ಎಕ್ಮೋ ಕೇಂದ್ರಕ್ಕೆ ಕಳಿಸಿದವರಲ್ಲಿ 63% ಜನ ಆರು ತಿಂಗಳ ನಂತರ ದೊಡ್ಡ ಅಂಗವೈಕಲ್ಯ ಇಲ್ಲದೆ ಬದುಕಿದ್ದರು. ಕಳಿಸದವರಲ್ಲಿ 47%. 2018ರಲ್ಲಿ ಫ್ರಾನ್ಸ್ ಮುಂದಾಳಾಗಿ ನಡೆದ ಇನ್ನೊಂದು ಅಧ್ಯಯನದಲ್ಲಿ 60 ದಿನದೊಳಗೆ ತೀರಿಕೊಂಡವರು ಎಕ್ಮೋ ಗುಂಪಿನಲ್ಲಿ 35%, ಇನ್ನೊಂದು ಗುಂಪಿನಲ್ಲಿ 46%. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅದು ಗೆದ್ದ ಹಾಗಲ್ಲ ಅಂತಲೂ ಡಾಕ್ಟರ್ ಪ್ರಾಮಾಣಿಕವಾಗಿ ಹೇಳಿದರು.

ಹಾಗಾದರೆ ಒಟ್ಟಾರೆ ಎಷ್ಟು ಜನ ಉಳೀತಾರೆ ಅಂತ ಕೇಳಿದೆ. ಪ್ರಪಂಚದ ಎಕ್ಮೋ ಕೇಂದ್ರಗಳ ಲೆಕ್ಕ ಇಡುವ ಸಂಸ್ಥೆ ಒಂದಿದೆ, ಎಲ್ಸೋ ಅಂತ, 1989ರಲ್ಲಿ ಶುರುವಾಗಿದ್ದು. ಅದರ ಲೆಕ್ಕದಲ್ಲಿ ಶ್ವಾಸಕೋಶಕ್ಕೆ ಹಾಕಿಸಿಕೊಂಡ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಆರು ಜನ ಮನೆಗೆ ಹೋಗುತ್ತಾರೆ. ಹೃದಯಕ್ಕೆ ಹಾಕಿಸಿಕೊಂಡವರಲ್ಲಿ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಹೃದಯ ನಿಂತು, ಎದೆ ಒತ್ತುತ್ತಿರುವಾಗಲೇ ಹಾಕಿದವರಲ್ಲಿ ಸುಮಾರು ಮೂರು.

ಆದರೆ ನನ್ನ ಕಣ್ಣು ತೆರೆಸಿದ್ದು ಈ ಸರಾಸರಿ ಅಲ್ಲ. 2014ರಲ್ಲಿ ಡಾಕ್ಟರುಗಳು ಎರಡು ಸಾವಿರಕ್ಕೂ ಜಾಸ್ತಿ ಶ್ವಾಸಕೋಶದ ಎಕ್ಮೋ ರೋಗಿಗಳ ದಾಖಲೆ ತೆಗೆದು ಒಂದು ಅಂಕ ಪದ್ಧತಿ ಮಾಡಿದರು. ರೆಸ್ಪ್ ಸ್ಕೋರ್ ಅಂತಾರೆ. ಮೆಷಿನ್ ಹಾಕುವ ಮೊದಲು ರೋಗಿ ಹೇಗಿದ್ದ ಅನ್ನೋದರ ಮೇಲೆ ಅಂಕ. ಒಳ್ಳೆಯ ಅಂಕದ ಗುಂಪಿನಲ್ಲಿ ಉಳಿದವರು 92%. ಕೊನೆಯ ಗುಂಪಿನಲ್ಲಿ 18%. ಒಂದೇ ಮೆಷಿನ್! ಹತ್ತಕ್ಕೆ ಆರು ಅನ್ನೋ ಮಾತಿನೊಳಗೆ ಇಷ್ಟು ದೊಡ್ಡ ಅಂತರ ಅಡಗಿದೆ.

ಆ ಅಂಕ ಯಾವುದರಿಂದ ಬರುತ್ತೆ? ವಯಸ್ಸು ಐವತ್ತು ದಾಟಿದರೆ ಕಡಿತ, ಅರವತ್ತು ದಾಟಿದರೆ ಇನ್ನೂ ಕಡಿತ. ಕ್ಯಾನ್ಸರ್, ಅಂಗಾಂಗ ಕಸಿಯಂಥ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಂದಿದ್ದರೆ ಕಡಿತ. ಮಿದುಳಿಗೆ ಪೆಟ್ಟಾಗಿದ್ದರೆ, ಪಾರ್ಶ್ವವಾಯು ಆಗಿದ್ದರೆ ಎಲ್ಲಕ್ಕಿಂತ ದೊಡ್ಡ ಕಡಿತ. ಮೊದಲು ಹೃದಯ ಒಮ್ಮೆ ನಿಂತಿದ್ದರೆ, ಶ್ವಾಸಕೋಶ ಬಿಟ್ಟು ಬೇರೆ ಕಡೆಯೂ ಸೋಂಕಿದ್ದರೆ ಕಡಿತ. ಕಾಯಿಲೆ ಯಾವುದು ಅನ್ನೋದಕ್ಕೆ ದೊಡ್ಡ ತೂಕ. ತೀವ್ರ ಅಸ್ತಮಾ ಇದ್ದರೆ ಅಂಕ ತುಂಬಾ ಜಾಸ್ತಿ, ನ್ಯುಮೋನಿಯಾಗೂ ಒಳ್ಳೆಯ ಅಂಕ. ಮತ್ತೆ ವೆಂಟಿಲೇಟರ್. ಎರಡು ದಿನದೊಳಗೆ ಎಕ್ಮೋ ಹಾಕಿದರೆ ಮೂರು ಅಂಕ, ವಾರದೊಳಗೆ ಹಾಕಿದರೆ ಒಂದು, ವಾರ ಕಳೆದರೆ ಸೊನ್ನೆ. ಶಿವಮೊಗ್ಗದ ಡಾಕ್ಟರ್ ಯಾಕೆ "ಇವತ್ತೇ" ಅಂತ ಮೇಜು ಕುಟ್ಟಿ ಹೇಳಿದರು ಅಂತ ನನಗೆ ಆ ರಾತ್ರಿ ಪೂರ್ತಿ ಅರ್ಥವಾಯಿತು. ವಯಸ್ಸು ಬದಲಾಯಿಸೋಕೆ ಆಗಲ್ಲ, ಕಾಯಿಲೆ ಬದಲಾಯಿಸೋಕೆ ಆಗಲ್ಲ. ಆ ಪಟ್ಟಿಯಲ್ಲಿ ಮನುಷ್ಯರ ಕೈಯಲ್ಲಿ ಇದ್ದಿದ್ದು ಆ ಒಂದು. ಅದನ್ನು ಅವರು ಉಳಿಸಿಕೊಟ್ಟರು.

ಕೇಂದ್ರದ ಅನುಭವವೂ ಮುಖ್ಯ. ವರ್ಷಕ್ಕೆ ಮೂವತ್ತಕ್ಕಿಂತ ಜಾಸ್ತಿ ವಯಸ್ಕರಿಗೆ ಎಕ್ಮೋ ಹಾಕುವ ಕಡೆ ಸಾವು ಕಡಿಮೆ ಅಂತ ಎಲ್ಸೋ ದಾಖಲೆಗಳಲ್ಲೇ ಕಂಡಿದೆ. ಊರಿಗೆ ಹತ್ತಿರ ಅನ್ನೋದಕ್ಕಿಂತ ಇದನ್ನು ನೋಡಬೇಕು.

ಪಕ್ಕದ ಬೆಡ್ಡಿನವರ ಮಾತಿಗೆ ಬರುತ್ತೇನೆ. ಅರವತ್ತು ದಾಟಿದ ಹಿರಿಯರು, ಹೃದಯಾಘಾತ. ಆಸ್ಪತ್ರೆಗೆ ಬರೋ ಹೊತ್ತಿಗೆ ಹೃದಯ ಒಮ್ಮೆ ನಿಂತು ಮತ್ತೆ ಶುರುವಾಗಿತ್ತು. ಅವರಿಗೆ ವಿಎ. ಅವರ ಮಗ ನನ್ನ ಪಕ್ಕದ ಕುರ್ಚಿಯಲ್ಲೇ ರಾತ್ರಿ ಕಳೆಯುತ್ತಿದ್ದ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ತೊಡೆಯ ಅಪಧಮನಿಯಲ್ಲಿ ದಪ್ಪ ನಳಿಗೆ ಇದ್ದಿದ್ದರಿಂದ ಅವರ ಕಾಲಿಗೆ ರಕ್ತ ಸಾಲದೆ ಪಾದ ತಣ್ಣಗಾಯಿತು. ಕಾಲಿಗೇ ಅಂತ ಇನ್ನೊಂದು ಸಣ್ಣ ನಳಿಗೆ ಹಾಕಿದರು. ಅವರ ಸ್ಯಾಚುರೇಶನ್ ಕ್ಲಿಪ್ಪನ್ನು ಯಾವಾಗಲೂ ಬಲಗೈ ಬೆರಳಿಗೇ ಹಾಕುತ್ತಿದ್ದರು. ಯಾಕೆ ಅಂತ ಕೇಳಿದೆ. ಮೆಷಿನ್ನಿನ ರಕ್ತ ತೊಡೆಯಿಂದ ಮೇಲಕ್ಕೆ ಹೋಗುತ್ತೆ. ಹೃದಯ ಸ್ವಲ್ಪ ಬಡಿಯೋಕೆ ಶುರು ಮಾಡಿದರೆ ಅದು ಕೆಟ್ಟ ಶ್ವಾಸಕೋಶದ ರಕ್ತವನ್ನು ಮೇಲಿನಿಂದ ತಳ್ಳುತ್ತೆ. ಆಗ ಕಾಲು ಕೆಂಪಗಿದ್ದರೂ ಮಿದುಳಿಗೆ ಆಕ್ಸಿಜನ್ ಸಿಗದೆ ಹೋಗಬಹುದು. ಹೃದಯಕ್ಕೂ ಮಿದುಳಿಗೂ ಯಾವ ರಕ್ತ ಹೋಗ್ತಿದೆ ಅಂತ ಬಲಗೈ ಹೇಳುತ್ತೆ.

ಅವರ ಹೃದಯ ಚೇತರಿಸಿಕೊಳ್ಳಲಿಲ್ಲ. ಹೃದಯಾಘಾತದಿಂದ ರಕ್ತದೊತ್ತಡ ಕುಸಿದವರಿಗೆಲ್ಲ ಬೇಗ ವಿಎ ಹಾಕಿದರೆ ಉಪಯೋಗವಾಗುತ್ತಾ ಅಂತ ಜರ್ಮನಿ, ಸ್ಲೊವೇನಿಯಾದಲ್ಲಿ 400ಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದ್ದಾರೆ. 2023ರಲ್ಲಿ ಬಂದ ಫಲಿತಾಂಶ: 30 ದಿನದಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೆಷಿನ್ ಹಾಕಿದವರಲ್ಲಿ ರಕ್ತಸ್ರಾವ, ಕಾಲಿನ ತೊಂದರೆ ಜಾಸ್ತಿ. ಹೃದಯದ ಸ್ನಾಯುವಿಗೆ ವೈರಸ್ ತಗುಲಿ ಸೋತ ಕಡಿಮೆ ವಯಸ್ಸಿನವರ ಕಥೆ ಬೇರೆ, ಅವರ ಹೃದಯ ಬಹಳ ಸಲ ವಾಪಸ್ ಬರುತ್ತೆ. ಸತ್ತ ಸ್ನಾಯು ವಾಪಸ್ ಬರಲ್ಲ. ಡಾಕ್ಟರ್ ಆ ಹಿರಿಯರ ಮಗನನ್ನು ಕರೆದು, ಹೃದಯ ಕಸಿ ಅಥವಾ ಹೃದಯಕ್ಕೆ ಪಂಪ್ ಇಡೋದು ಎರಡೂ ಅವರ ದೇಹಸ್ಥಿತಿಯಲ್ಲಿ ಆಗಲ್ಲ ಅಂದರು. ಆ ವಾರವೇ ಸ್ಕ್ಯಾನಿನಲ್ಲಿ ಮಿದುಳಿನ ರಕ್ತಸ್ರಾವ ಕಂಡಿತು. ಮೆಷಿನ್ ನಿಲ್ಲಿಸೋಕೆ ಅವನು ಒಪ್ಪಿಗೆ ಕೊಟ್ಟ. "ಅಕ್ಕಾ, ನಾನೇ ಸಾಯಿಸಿದ ಹಾಗಾಯ್ತಾ?" ಅಂತ ಕೇಳಿದ. ಇಲ್ಲಪ್ಪ, ಕಾಯಿಲೆ ಸಾಯಿಸ್ತು, ನೀನು ಅವರ ಕೈ ಹಿಡ್ಕೊಂಡಿದ್ದೆ ಅಂದೆ. ಅದನ್ನು ನಾನು ನಂಬಿಯೇ ಹೇಳಿದೆ.

ತಮ್ಮನ ವಿಷಯದಲ್ಲೂ ಮೊದಲೇ ಮಾತಾಗಿತ್ತು. ಇಷ್ಟು ದಿನ ನೋಡೋಣ, ಶ್ವಾಸಕೋಶ ತೆರೆದುಕೊಳ್ಳದಿದ್ದರೆ ಮತ್ತೆ ಕೂತು ಮಾತಾಡೋಣ ಅಂದಿದ್ದರು. ಆ ಮಾತು ಕೇಳೋಕೆ ಕಷ್ಟ. ಆದರೆ ಅದಿದ್ದಿದ್ದರಿಂದ ನಾವು ಯಾವುದಕ್ಕೆ ಕಾಯುತ್ತಿದ್ದೇವೆ ಅಂತ ಪ್ರತಿದಿನ ಗೊತ್ತಿರುತ್ತಿತ್ತು.

ಒಂದು ಬೆಳಿಗ್ಗೆ ಎಕ್ಸ್‌ರೇಯಲ್ಲಿ ಮೇಲ್ಭಾಗ ಸ್ವಲ್ಪ ಕಪ್ಪಾಗಿತ್ತು. ಕಪ್ಪು ಅಂದರೆ ಗಾಳಿ. ದಿನಾ ಅಷ್ಟಷ್ಟೇ ಕಪ್ಪು ಜಾಸ್ತಿಯಾಯಿತು. ವಿವಿ ಎಕ್ಮೋದಿಂದ ಬಿಡಿಸೋದು ಹೇಗೆ ಅಂದರೆ, ರಕ್ತ ಹರಿಯೋದನ್ನು ಹಾಗೇ ಬಿಟ್ಟು ಡಬ್ಬಿಗೆ ಹೋಗೋ ಗ್ಯಾಸನ್ನು ಮಾತ್ರ ಇಳಿಸುತ್ತಾ ಬರುತ್ತಾರೆ. ಕೊನೆಗೆ ಪೂರ್ತಿ ನಿಲ್ಲಿಸುತ್ತಾರೆ. ಆಗ ರಕ್ತ ಸುಮ್ನೆ ಹೋಗಿ ಬರುತ್ತೆ, ಉಸಿರಿನ ಕೆಲಸವೆಲ್ಲ ಅವನದೇ ಶ್ವಾಸಕೋಶದ್ದು. ಅವತ್ತು ಎರಡೂ ನಳಿಗೆಯಲ್ಲಿ ಒಂದೇ ಕಡುಬಣ್ಣ ಕಂಡೆ. ಮೊದಲ ದಿನ ಪರ್ಫ್ಯೂಷನಿಸ್ಟ್ ಹುಡುಗ ಹೇಳಿದ್ದ ಪ್ರಕಾರ ಅದು ಕೆಟ್ಟ ಲಕ್ಷಣ. ಅವತ್ತು ಮಾತ್ರ ಅದೇ ಒಳ್ಳೆಯ ಸುದ್ದಿಯಾಗಿತ್ತು. ಗಂಟೆಗಟ್ಟಲೆ ಹಾಗೇ ಇಟ್ಟು ರಕ್ತ ಪರೀಕ್ಷೆ ಮಾಡಿದರು. ಸರಿ ಬಂತು. ಮರುದಿನ ನಳಿಗೆ ತೆಗೆದರು.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿದ್ದರು. ಅದು ಹೋಗೋಕೆ ಇನ್ನಷ್ಟು ದಿನ ಬೇಕಾಯಿತು. ನಮ್ಮ ತೋಟದ ಮರ ಹತ್ತುತ್ತಿದ್ದ ತಮ್ಮನಿಗೆ ಚಮಚ ಎತ್ತೋಕೆ ಆಗುತ್ತಿರಲಿಲ್ಲ. ರಾತ್ರಿ ನರ್ಸುಗಳು ತನ್ನನ್ನು ಕಟ್ಟಿಹಾಕಿ ನೀರಿಗೆ ಹಾಕ್ತಿದಾರೆ ಅಂತ ಕೂಗುತ್ತಿದ್ದ. ಐಸಿಯುನಲ್ಲಿ ಬಹಳ ದಿನ ಮಲಗಿದವರಿಗೆ ಹೀಗಾಗೋದು ಸಾಮಾನ್ಯ, ಹುಚ್ಚಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದರೆ ಮನೆಯವರಿಗೆ ಎಷ್ಟೋ ಧೈರ್ಯ. ಫಿಸಿಯೋಥೆರಪಿ ತಿಂಗಳುಗಟ್ಟಲೆ ನಡೆಯಿತು. ಕಿಡ್ನಿ ಪೂರ್ತಿ ವಾಪಸ್ ಬಂತು, ಡಯಾಲಿಸಿಸ್ ನಿಂತಿತು. ಈಗ ಗಂಬೂಟು ಹಾಕದೆ ತೋಟಕ್ಕೆ ಇಳಿಯಲ್ಲ, ಕೆಲಸದವರನ್ನೂ ಇಳಿಸಲ್ಲ. ಗುಡ್ಡ ಹತ್ತುವಾಗ ಮಾತ್ರ ಇನ್ನೂ ನಡುವೆ ನಿಲ್ಲುತ್ತಾನೆ.

ಮೊನ್ನೆ ಸಾಗರದ ಕಡೆಯ ದೂರದ ನೆಂಟರೊಬ್ಬರು ಫೋನ್ ಮಾಡಿದರು. ಅವರ ಅಳಿಯ ವೆಂಟಿಲೇಟರ್ ಮೇಲಿದ್ದಾನೆ, ಎಕ್ಮೋ ಅಂತಿದ್ದಾರೆ, ಹಾಕಿಸಬೇಕಾ ಅಂತ. ನಾನು ಹೂಂ, ಊಹೂಂ ಎರಡೂ ಹೇಳಲಿಲ್ಲ. ಡಾಕ್ಟರನ್ನು ಕೇಳೋಕೆ ಕೆಲವು ಮಾತು ಬರೆಸಿದೆ. ಹೃದಯಕ್ಕಾ, ಶ್ವಾಸಕೋಶಕ್ಕಾ? ಕಾಯಿಲೆ ವಾಪಸ್ ಬರುವಂಥದ್ದಾ? ವೆಂಟಿಲೇಟರ್ ಶುರುವಾಗಿ ಎಷ್ಟು ದಿನ? ಬೋರಲು ಮಲಗಿಸಿ ನೋಡಿದ್ದಾರಾ? ಮಿದುಳು ಸರಿ ಇದೆಯಾ? ಹಾಕಿದರೆ ಯಾವುದಕ್ಕೆ ಕಾಯೋದು, ಎಷ್ಟು ದಿನ ನೋಡಿ ಮತ್ತೆ ಮಾತಾಡೋದು? ಸಂಜೆ ಅವರೇ ಮತ್ತೆ ಫೋನ್ ಮಾಡಿದರು. ವೈರಲ್ ನ್ಯುಮೋನಿಯಾ, ವೆಂಟಿಲೇಟರ್ ಹಾಕಿ ಒಂದೇ ದಿನ, ಬೋರಲು ಮಲಗಿಸಿದ ಮೇಲೆ ಆಕ್ಸಿಜನ್ ಏರ್ತಾ ಇದೆ, ಸದ್ಯಕ್ಕೆ ಎಕ್ಮೋ ಬೇಡ ಅಂದರಂತೆ. ಒಳ್ಳೇದಾಯ್ತು ಅಂದೆ. ಆದರೆ ಎಕ್ಮೋ ಕೇಂದ್ರದವರ ಜೊತೆ ಈಗಲೇ ಒಂದು ಸಲ ಮಾತಾಡಿ ಇಡೋಕೆ ಡಾಕ್ಟರಿಗೆ ಹೇಳಿ ಅಂದೆ. ನಾಳೆ ಬೇಕಾದರೆ ಅವರು ಅಲ್ಲಿಂದ ಹೊರಟು ಬರೋಕೇ ಅರ್ಧ ದಿನ ಬೇಕು.